ಒಂದು ಹೆಗಲಿನ ಜಾಗ

ಬೇವಿನ ಎಲೆಯ ನೆರಳು ಅವ್ವನ ಹಣೆಯ ಮೇಲೆ ಬಂತು, ಹೋಯಿತು, ಮತ್ತೆ ಬಂತು, ಗಾಳಿ ಇದೆ, ಇರಲಿ, ಗಾಳಿ ನಿಂತರೂ ಫೋಟೋಕ್ಕೆ ಸಾಲಾದ ನಮ್ಮ ಮನೆಯವರು ನೆಟ್ಟಗೆ ನಿಲ್ಲುವ ಪೈಕಿ ಅಲ್ಲ, ಒಬ್ಬರು ಸೆರಗು ಸರಿ ಮಾಡಿಕೊಂಡರೆ ಅದೇ ಹೊತ್ತಿಗೆ ಇನ್ನೊಬ್ಬರಿಗೆ ಮೂಗು ತುರಿಸುತ್ತದೆ — ಬಲಗಡೆಯಿಂದ ಮೊದಲು ವೀರಭದ್ರಮ್ಮತ್ತೆ, ಅಪ್ಪನ ಅಕ್ಕ, ಗಂಡನ ಊರಿನ ನೀರು ಒಗ್ಗಲಿಲ್ಲ ಅಂತ ವರ್ಷ ತುಂಬುವ ಮೊದಲೇ ತವರಿಗೆ ಬಂದು ಅವತ್ತಿನಿಂದ ಈ ಮನೆಯ ಯಜಮಾನಿಕೆ ಹಿಡಿದವಳು, ಅವಳ ಪಕ್ಕ ಒಂದು ಸಂದಿ, ಅದರ ಮಾತು ಬೇರೆ, ಆಮೇಲೆ ಅವ್ವ, ಆಮೇಲೆ ಖಾಲಿ, ಅದು ತೀರಿಹೋದ ಅಪ್ಪನ ಜಾಗ, ಆಮೇಲೆ ದೊಡ್ಡಪ್ಪನ ಮಗ ಚನ್ನಬಸವರಾಜ, ಹೆತ್ತವರನ್ನು ಚಿಕ್ಕಂದಿನಲ್ಲೇ ಕಳೆದುಕೊಂಡು ನಮ್ಮ ಜೊತೆಗೇ ಬೆಳೆದವ, ಆಮೇಲೆ ಮತ್ತೆ ಖಾಲಿ, ಅದು ನನ್ನ ತಮ್ಮ ಗವಿಸಿದ್ದೇಶನ ಜಾಗ, ಆಮೇಲೆ ಚನ್ನಬಸವನ ಹೆಂಡತಿ, ಅವಳ ಸೀರೆಗೆ ಜೋತುಬಿದ್ದ ಮಕ್ಕಳು. ಹಿಂದೆ ಬಿಳಿಜೋಳ, ಅದರ ಹಿಂದೆ ಕುರುಗೋಡಿನ ಕಲ್ಲುಗುಡ್ಡ. ಎಳ್ಳ ಅಮಾವಾಸ್ಯೆ. ಹೊಲದ ತುಂಬ ಚರಗ ಚೆಲ್ಲಿ ಭೂಮಿತಾಯಿಗೆ ಉಣ್ಣಿಸಿ ಆಯಿತು, ನಾವೂ ಉಂಡೆವು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಹೋಳಿಗೆ, ಎಲ್ಲರ ಬಾಯಲ್ಲೂ ಎಲೆ ಅಡಿಕೆ, ಇನ್ನು ಬಾಕಿ ಇರುವುದು ನಾನು ತೆಗೆಯುವ ಫೋಟೋ ಒಂದೇ. ನೆರಳು ಪಾಂಡವರ ಕಲ್ಲು ಮುಟ್ಟೋತನಕ ನೋಡೂಣು, ಅಂದಿದ್ದಾಳೆ ಅತ್ತೆ, ಅಷ್ಟರಾಗ ಗವಿ ಬಂದ್ರ ಬಂದ, ಬರಲಿಲ್ಲಂದ್ರ ಒತ್ತಿ ನಿಂದ್ರತೀವಿ, ನೀ ತಗಿ. ಐದು ಕಲ್ಲು, ಬೆಳಗ್ಗೆ ಸುಣ್ಣ ಬಳಿದು ಪೂಜೆ ಮಾಡಿದ್ದು, ಮರದಿಂದ ಸ್ವಲ್ಪ ಈಚೆಗೆ. ನೆರಳು ಇನ್ನೂ ಅಲ್ಲಿಗೆ ಬಂದಿಲ್ಲ.

ಬರುತ್ತಾನೆ. ನಾನು ಅಳತೆ ತಪ್ಪುವವಳಲ್ಲ, ಬೆಳಕಿನದಾಗಲಿ ಮನುಷ್ಯರದಾಗಲಿ. ಬಳ್ಳಾರಿಯ ಗಾಂಧಿನಗರದಲ್ಲಿ ನನ್ನ ಸ್ಟುಡಿಯೋ ಇದೆ, ಮದುವೆ ಮಂಟಪದಲ್ಲಿ ನಾನು ನಿಂತರೆ ಮದುಮಗನ ಸೋದರಮಾವಂದಿರೂ ಬಾಯಿ ಮುಚ್ಚಿಕೊಂಡು ಸಾಲಾಗುತ್ತಾರೆ, ಹತ್ರ ಬರ್ರಿ, ದಗ್ಗರಕಿ ರಂಡಿ, ನಜ್ದೀಕ್ ಆವೋ ಭಾಯ್, ಮೂರು ಭಾಷೆಯಲ್ಲಿ ಒಂದೇ ಮಾತು, ನನ್ನ ಹೊಟ್ಟೆ ತುಂಬಿಸಿದ್ದೇ ಆ ಮಾತು, ಜನರನ್ನು ಹತ್ತಿರ ಹತ್ತಿರ ನಿಲ್ಲಿಸುವುದು. ಆದರೆ ಅದು ಹೊಟ್ಟೆಗೆ. ಇದು ನನಗೆ. ವರ್ಷಕ್ಕೊಂದು, ಇದೇ ದಿನ, ಇದೇ ಮರ, ಇದೇ ಸಾಲು, ಒಂದೇ ಒಂದು ಕ್ಲಿಕ್, ಕಣ್ಣು ಮುಚ್ಚಿದವರು ಮುಚ್ಚಿದರು, ಸೀನಿದವರು ಸೀನಿದರು, ಇನ್ನೊಂದು ತೆಗಿಯವ್ವ ಅಂದರೆ ಮುಂದಿನ ವರ್ಷ ಅನ್ನುತ್ತೇನೆ. ಶುರು ಮಾಡಿದಾಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ, ಅಪ್ಪ ಕೊಡಿಸಿದ ಕ್ಯಾಮೆರಾ, ಗವಿ ಆಗ ಮೀಸೆ ಚಿಗುರದ ಹುಡುಗ, ಒಂದು ವರ್ಷ ಚಡ್ಡಿ, ಮುಂದಿನ ವರ್ಷ ಪ್ಯಾಂಟು, ಅದರ ಮುಂದಿನ ವರ್ಷ ಚನ್ನಬಸವನ ಹೆಗಲಿನ ಸಮಕ್ಕೆ ಬಂದ, ಅವತ್ತಿನಿಂದ ಚನ್ನಬಸವ ಅವನ ಹೆಗಲ ಮೇಲೆ ಕೈ ಹಾಕಿ ನಿಲ್ಲುವುದು, ಯಾವ ವರ್ಷದ ಫೋಟೋ ತೆಗೆದು ನೋಡಿದರೂ ಆ ಕೈ ಅಲ್ಲೇ ಇದೆ. ಊರಿನವರು ಕೇಳುತ್ತಾರೆ, ಎಲ್ಲರ ಫೋಟೋ ತಗೀತಿ, ನಿಂದೆಲ್ಲೈತಿ? ಟೈಮರ್ ಇಟ್ಟು ಓಡಿಹೋಗಿ ಏದುಸಿರು ಬಿಡುತ್ತಾ ಹಲ್ಲು ಕಿರಿಯುವುದು ಪ್ರವಾಸಕ್ಕೆ ಹೋದವರ ಕೆಲಸ, ನಂದಲ್ಲ. ಕ್ಯಾಮೆರಾ ಬೇರೆಯವರ ಕೈಗೆ ಕೊಡುವುದಂತೂ ದೂರದ ಮಾತು. ಸಂಗನಕಲ್ಲಿನ ಗುಡ್ಡದಲ್ಲಿ ಬಂಡೆಯ ಮೇಲೆ ಯಾವ ಕಾಲದಲ್ಲೋ ಒಬ್ಬ ಕಲ್ಲಿನಿಂದ ಕುಟ್ಟಿ ಎತ್ತಿನ ಚಿತ್ರ ಮೂಡಿಸಿದ್ದಾನೆ, ಡುಬ್ಬ, ಕೊಂಬು, ಬಾಲ ಎಲ್ಲ ಇದೆ, ಕುಟ್ಟಿದವ ಎಲ್ಲಿ? ಕುಟ್ಟಿದವ ಕಾಣುವುದಿಲ್ಲ, ಅದೇ ಅವನ ಗತ್ತು. ಹೀಗೆ ಹೇಳಿಕೊಂಡು ಓಡಾಡಿದೆ. ಚೆನ್ನಾಗಿಯೇ ಹೇಳುತ್ತಿದ್ದೆ.

ಅವ್ವ ಕಾಲು ಬದಲಿಸಿದಳು. ಮಂಡಿ ನೋವು, ಕುರ್ಚಿ ಕೊಡಲಾ ಅಂದರೆ ಬೇಡ ಅನ್ನುತ್ತಾಳೆ, ಅಪ್ಪನ ಪಕ್ಕ ಯಾವತ್ತೂ ಕುರ್ಚಿ ಹಾಕಿಕೊಂಡವಳಲ್ಲ, ಈಗ ಪಕ್ಕದಲ್ಲಿ ಅಪ್ಪ ಇಲ್ಲದಿದ್ದರೂ ಅದೇ ಹಟ. ಅಪ್ಪ ಹೋದದ್ದು ಒಂದು ಶ್ರಾವಣದಲ್ಲಿ, ಕೊಟ್ಟೂರಪ್ಪನವರು ಲಿಂಗೈಕ್ಯರಾದರು ಅಂತ ಊರೆಲ್ಲ ಸುದ್ದಿ, ಪಡಸಾಲೆಯಲ್ಲಿ ಕೂರಿಸಿದ್ದರು, ವಿಭೂತಿ, ಹೂವು, ರುಮಾಲು, ಎದ್ದು ನನ್ನನ್ನು ಬಾ ಇಲ್ಲಿ ಅನ್ನುತ್ತಾನೇನೋ ಅನ್ನುವ ಹಾಗಿದ್ದ. ಆ ವರ್ಷ ಎಳ್ಳ ಅಮಾವಾಸ್ಯೆಗೆ ಬಂದು ಕ್ಯಾಮೆರಾ ಇಟ್ಟೆ, ಸಾಲಿನ ನಡುವೆ ಖಾಲಿ ಕಂಡಿತು, ಬಾಯಿಗೆ ರೂಢಿ, ಹತ್ರ ಬರ್ರಿ ಅಂದುಬಿಟ್ಟೆ. ಯಾರೂ ಬರಲಿಲ್ಲ. ಅತ್ತೆ ಅಂದಳು, ಅವನ ಜಾಗ ಅದು, ಬಿಡು. ಒಂದು ಹೆಗಲು ಹಿಡಿಯುವಷ್ಟು ಜಾಗ, ಅದರಲ್ಲಿ ಗುಡ್ಡದ ಒಂದು ಚೂರು. ತೆಗೆದೆ. ಆಮೇಲೆ ಅದು ನಮ್ಮ ಮನೆಯ ಪದ್ಧತಿಯೇ ಆಯಿತು, ಬೀಗರು ಬಿಜ್ಜರೆಲ್ಲ ಹೇಳುವವರು, ಕೊಟ್ಟೂರಪ್ಪನ ಮನಿಯವರು ಸತ್ತೋರಿಗೆ ಫೋಟೋದಾಗ ಜಾಗ ಬಿಡ್ತಾರ. ಹೌದಲ್ಲ, ಚಂದದ ಪದ್ಧತಿ ಅಂತ ನನಗೂ ಅನಿಸಿತ್ತು. ಅದರ ಅರ್ಥ ಅಷ್ಟೇ ಅಂದುಕೊಂಡಿದ್ದೆ, ಎಲ್ಲರೂ ಅಂದುಕೊಂಡಿದ್ದರು, ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಆಮೇಲೆ ಹೊಲದ ಪಾಲು. ಜಗಳ ಇಲ್ಲ, ಬೈಗುಳ ಇಲ್ಲ, ಚೀಟಿ ಎತ್ತಿದರು, ಮರ ಇರುವ ಅರ್ಧ ಚನ್ನಬಸವನಿಗೆ ಬಂತು, ಕಾಲುವೆ ಕಡೆಯ ಅರ್ಧ ಗವಿಗೆ. ನೀರಿರುವ ಪಾಲು ಸಿಕ್ಕಿತು ಅಂತ ಊರೇ ಹೊಟ್ಟೆ ಉರಿದುಕೊಂಡರೆ ಇವನು ಮರಕ್ಕೆ ಮುನಿಸಿಕೊಂಡ. ಅಪ್ಪ ನೆಟ್ಟ ಮರ, ಅಪ್ಪ ಮಧ್ಯಾಹ್ನ ಮಲಗುತ್ತಿದ್ದ ಮರ. ಲೇ ಗವ್ಯಾ, ಮರ ನೀನ ತಗಾ, ನಾ ಬರಕೊಡ್ತೀನಿ, ಅಂದ ಚನ್ನಬಸವ, ಕಣ್ಣಲ್ಲಿ ನೀರು ತಂದುಕೊಂಡು. ಚೀಟಿ ಎತ್ತಿದ್ಮ್ಯಾಲೆ ಮುಗೀತು, ಭಿಕ್ಷಾ ಬ್ಯಾಡ ನನಗ, ಅಂದ ಗವಿ, ತನ್ನ ಪಾಲನ್ನೂ ಅವನಿಗೇ ಸಾಗುವಳಿಗೆ ಬಿಟ್ಟು ಸಿರುಗುಪ್ಪಕ್ಕೆ ಹೋಗಿ ಟ್ರಾಕ್ಟರ್ ರಿಪೇರಿ ಅಂಗಡಿ ಹಾಕಿದ, ಆ ವರ್ಷ ಚರಗಕ್ಕೂ ಬರಲಿಲ್ಲ. ಮುನಿಸು, ಇನ್ನೇನು, ಎರಡು ದಿನ ಬಿಟ್ಟರೆ ಇಳಿಯುವಂಥದ್ದು. ಸಾಲು ನಿಂತಿತು. ಚನ್ನಬಸವ ಪಕ್ಕಕ್ಕೆ ಸರಿಯಲಿಲ್ಲ, ಅವನ ಹೆಂಡತಿಯೂ ಸರಿಯಲಿಲ್ಲ, ಅವ ಸಿಟ್ಟಿಳದು ಬರ್ತಾನ, ಜಾಗ ಇರ್ಲಿ, ಅಂದಳು ಅತ್ತೆ, ನಾನು ಒತ್ತಿದೆ. ಪ್ರೀತಿಯಿಂದ ಬಿಟ್ಟ ಜಾಗ, ದೇವರಾಣೆ. ಆಮೇಲೆ ನೋಡಿದರೆ ಚನ್ನಬಸವನ ಬಲಗೈ ಅರ್ಧ ಎದ್ದಿದೆ, ಹೆಗಲ ಮೇಲೆ ಹಾಕಲು ಎದ್ದದ್ದು, ಹೆಗಲೇ ಇಲ್ಲ, ಅಲ್ಲೇ ಗಾಳಿಯಲ್ಲಿ ನಿಂತಿದೆ, ರೂಢಿ ನೋಡಿ. ಆ ಫೋಟೋವನ್ನು ಅವನೇ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ, ಕೆಳಗೆ ಕೈ ಮುಗಿದ ಚಿತ್ರ ಬೇರೆ, ಎಲ್ಲರಿಗೂ ಹಬ್ಬದ ಶರಣು ಅಂತ ಅವನ ಅರ್ಥ. ಹೊಸಪೇಟೆಯಲ್ಲಿರುವ ಅವ್ವನ ಕಡೆಯ ಸಂಬಂಧಿ ತಿಪ್ಪೇರುದ್ರಪ್ಪ, ನಮ್ಮ ಮನೆಯ ಪದ್ಧತಿ ಬಲ್ಲವ, ಸಾಲಿನಲ್ಲಿ ಇನ್ನೊಂದು ಖಾಲಿ ಕಂಡ, ಕೈ ಮುಗಿದದ್ದು ಕಂಡ, ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮನುಷ್ಯ, ಓಂ ಶಾಂತಿ ಅಂತ ಬರೆದ. ಅವನ ಹಿಂದೆ ಇನ್ನೊಬ್ಬ ಓಂ ಶಾಂತಿ, ಮತ್ತೊಬ್ಬಳು ಅಯ್ಯೋ ಇನ್ನೂ ಸಣ್ಣ ವಯಸ್ಸು. ನಮ್ಮ ಮನೆಯವರಿಗೆ ಮಾತ್ರ ಆಗುವಂಥ ಎಡವಟ್ಟು ಇದು, ಬೇರೆ ಯಾರ ಫೋಟೋದಲ್ಲಾದರೂ ಸಂದಿ ಬಿದ್ದರೆ ಸಂದಿ ಅಷ್ಟೇ. ಸಿರುಗುಪ್ಪದಲ್ಲಿ ಕೂತು ಗವಿ ತನ್ನ ಸಾವಿನ ಸುದ್ದಿ ತಾನೇ ಓದಿದ. ಗ್ರೂಪ್ ಬಿಟ್ಟ. ಫೋನ್ ಎತ್ತುವುದನ್ನು ಬಿಟ್ಟ. ನೋಡಿಬರಲು ಹೋದ ಅವ್ವನಿಗೆ ಚಹ ಕೊಟ್ಟು, ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ನಿಂತು ಹೇಳಿದನಂತೆ, ಬದುಕಿದ್ದಾಗ್ಲೇ ಕಳಿಸಿಕೊಟ್ರೆಲ್ಲವ್ವ ನನ್ನ. ಅವ್ವ ತೆಕ್ಕಲಕೋಟೆ ಬರುವವರೆಗೂ ಅತ್ತಳಂತೆ. ಹೋದ ವರ್ಷವೂ ಅವನು ಬರಲಿಲ್ಲ, ಜಾಗ ಬಿಡಬೇಕೋ ಮುಚ್ಚಬೇಕೋ ಯಾರಿಗೂ ತಿಳಿಯಲಿಲ್ಲ, ಬಿಟ್ಟರೆ ಸತ್ತ ಲೆಕ್ಕ, ಮುಚ್ಚಿದರೆ ನಮ್ಮವನೇ ಅಲ್ಲದ ಲೆಕ್ಕ, ನೋಡುತ್ತಾ ನಿಂತೆವು, ಬೆಳಕು ಹೋಯಿತು, ಫೋಟೋವೇ ಆಗಲಿಲ್ಲ. ಇಷ್ಟು ವರ್ಷದಲ್ಲಿ ನಾನು ಒತ್ತದೆ ಹೋದದ್ದು ಅದೊಂದೇ ಸಲ.

ನೆರಳು ಬರುತ್ತಿದೆ. ಮೊದಲನೆಯ ಕಲ್ಲಿಗೆ ಇನ್ನು ಒಂದು ಗೇಣು, ರಸ್ತೆಯಲ್ಲಿ ಏನೂ ಇಲ್ಲ, ಒಂದು ಬಾಳೆಗೊನೆ ತುಂಬಿದ ಟೆಂಪೋ ಹೋಯಿತು, ಅಷ್ಟೇ. ಅತ್ತೆ ನನ್ನನ್ನೇ ನೋಡುತ್ತಿದ್ದಾಳೆ, ನನ್ನನ್ನು ಅಂದರೆ ಲೆನ್ಸನ್ನು, ಅವಳಿಗೆ ಎರಡೂ ಒಂದೇ. ಮೊನ್ನೆ ಮೊನ್ನೆ, ಬರುವ ತಿಂಗಳು ಬಳ್ಳಾರಿಯಲ್ಲಿ ಪ್ರದರ್ಶನ ಇಡಬೇಕು ಅಂತ ಇಷ್ಟೂ ವರ್ಷದ ಫೋಟೋಗಳನ್ನು ಸ್ಟುಡಿಯೋದ ಗೋಡೆಗೆ ಸಾಲಾಗಿ ಅಂಟಿಸಿ ಚಹ ಕುಡಿಯುತ್ತಾ ನೋಡುತ್ತಿದ್ದೆ, ಹೊರಗೆ ಆಟೋದವರ ಜಗಳ, ಒಳಗೆ ಅಪ್ಪ ಒಂದೊಂದೇ ವರ್ಷ ಮುದುಕನಾಗುತ್ತಾ, ಗವಿ ಒಂದೊಂದೇ ವರ್ಷ ಎತ್ತರವಾಗುತ್ತಾ — ಆಗ ಕಂಡಿತು. ಮೊದಲನೆಯ ವರ್ಷದ ಫೋಟೋದಲ್ಲೇ ಒಂದು ಖಾಲಿ ಜಾಗ ಇದೆ. ಅಪ್ಪ ಇದ್ದಾನೆ, ಗವಿ ಇದ್ದಾನೆ, ಯಾರೂ ಸತ್ತಿಲ್ಲ, ಆದರೂ ಅತ್ತೆಗೂ ಅವ್ವನಿಗೂ ನಡುವೆ ಒಂದು ಹೆಗಲು ಹಿಡಿಯುವಷ್ಟು ಜಾಗ, ಎರಡನೆಯ ವರ್ಷವೂ, ಹತ್ತನೆಯ ವರ್ಷವೂ, ಒಂದೇ ಅಳತೆ. ಅತ್ತಿಗೆ ನಾದಿನಿಯರಿಗೆ ಒಬ್ಬರಿಗೊಬ್ಬರು ಆಗಿಬರುವುದಿಲ್ಲ, ಅದಕ್ಕೇ ದೂರ ನಿಲ್ಲುತ್ತಾರೆ ಅಂತ ಇಷ್ಟು ವರ್ಷ ನಾನು ನಗುತ್ತಿದ್ದೆ. ಫೋನ್ ಮಾಡಿದೆ. ಅತ್ತಿ, ಮೊದಲನೇ ವರ್ಷ ನಿನಗೂ ಅವ್ವಗೂ ನಡುವ ಯಾರ ಜಾಗ ಅದು? ಅತ್ತೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾರ್ದಂದ್ರ? ನಿಂದಲ್ಲೇನವ್ವ? ಕೂಸಿದ್ದಾಗ ನಮ್ಮಿಬ್ರ ನಡುವನ ಮಲಗ್ತಿದ್ದಿ, ಮತ್ತೆಲ್ಲಿ ನಿಂದ್ರತಿ ನೀ? ಆ ಡಬ್ಬಿ ಬಿಟ್ಟು ಬರವಲ್ಲಿ, ಬಂದಾಗ ಬರ್ಲಿ ಅಂತ ಬಿಟ್ಟೀವಿ. ಅಂದರೆ ಅಪ್ಪನಿಗೆ ಬಿಟ್ಟದ್ದು? ನಿನಗ ಬಿಟ್ಟಂಗ ಅವಗೂ ಬಿಟ್ಟೆ. ಸಾಲಿನಾಗ ಇಲ್ಲದೋರಿಗೆ ಬಿಡೋದು ಅದು, ಸತ್ತೋರಿಗಂತ ನಿಮಗ ಯಾರು ಹೇಳಿದ್ರು? ಫೋನ್ ಹಿಡಿದುಕೊಂಡು ಅತ್ತುಬಿಟ್ಟೆ, ನಾನು, ಅಂಜನಾ, ಮದುವೆ ಮನೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗಲೂ ಬೆಳಕು ನೋಡುವವಳು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಿತ್ತು ನನ್ನ ಬಾಳು, ಎಲ್ಲರನ್ನೂ ಹತ್ತಿರ ನಿಲ್ಲಿಸಿದವಳಿಗೆ ತನ್ನ ಜಾಗ ಕಂಡಿರಲಿಲ್ಲ. ಮತ್ತೆ ಗವಿಗೆ ಇದನ್ನ ಹೇಳಬಾರದೇನತ್ತಿ ಅಂದೆ. ನಾ ಯಾಕ ಹೇಳ್ಲಿ, ನನ್ನ ಕೈಯಾಗ ಬೆಳದಾವ, ನಾ ಅವನ್ನ ಸಾಯಿಸ್ತೀನಂತ ತಿಳಕೊಂಡ್ರ ತಿಳಕೊಳ್ಳಲಿ, ಅಂದಳು, ಅತ್ತೆಯ ಮುನಿಸಿಗೂ ಗವಿಯ ಮುನಿಸಿಗೂ ಒಂದೇ ಕಾರ್ಖಾನೆ. ಆದ್ರ ಈ ವರ್ಷ ಅವ ಬರಲಿಲ್ಲಂದ್ರ ಒತ್ತಿ ನಿಂದ್ರೋದ. ಮಂದಿ ಬಾಯಿಗೆ ಅವನ್ನ ಇನ್ನೊಮ್ಮೆ ಕೊಡಾಕಿಲ್ಲ ನಾ, ಮಂದಿ ಬಾಯಿ ಒಳ್ಳೇದಲ್ಲ. ಒಮ್ಮೆ ಒತ್ತಿ ನಿಂತರೆ ಮುಗಿಯಿತು, ನನಗೆ ಗೊತ್ತು, ಮುಚ್ಚಿದ ಸಾಲು ಮತ್ತೆ ತೆರೆದದ್ದನ್ನು ನಾನು ಯಾವ ಮನೆಯ ಫೋಟೋದಲ್ಲೂ ಕಂಡಿಲ್ಲ. ನನಗೆ ನನ್ನ ತಮ್ಮ ಬೇಕು. ಪ್ರದರ್ಶನ ಹಾಳಾಗಿ ಹೋಗಲಿ.

ಅದಕ್ಕೇ ಇವತ್ತು ಬೆಳಗ್ಗೆ ಕಾರು ತೆಗೆದು ನೇರ ಸಿರುಗುಪ್ಪ. ದಾರಿಯುದ್ದ ಭತ್ತದ ಗದ್ದೆ, ಊರು ಹತ್ತಿರವಾದಂತೆ ಅಕ್ಕಿ ಗಿರಣಿಗಳ ಬೇಯಿಸಿದ ಭತ್ತದ ವಾಸನೆ, ಕಾರಿನ ಗಾಜು ಏರಿಸಿದರೂ ಒಳಗೆ ಬರುವ ವಾಸನೆ. ಗವಿ ಟ್ರಾಕ್ಟರಿನ ಕೆಳಗಿದ್ದ, ಎರಡು ಪಾದ ಮಾತ್ರ ಹೊರಗೆ, ಮದುವೆಯ ಮಾತೆತ್ತಿದಾಗಲೂ ಅಲ್ಲಿಗೇ ನುಸುಳುವವ. ಪಕ್ಕದಲ್ಲಿ ನಿಂತ ರೈತ, ಅಯಿಪೋಯಿಂದಾ ಅನ್ನಾ, ಮುಗೀತಾ ಅಂತ ತೆಲುಗಿನಲ್ಲಿ ಅವಸರ ಮಾಡುತ್ತಿದ್ದ. ಲೇ ಗವ್ಯಾ, ಹೊರಗ ಬಾ. ಬಂದ. ಕಿವಿಯ ಹತ್ತಿರ ಕೂದಲು ನೆರೆತಿದೆ, ನಾನು ತೆಗೆಯದ ಎರಡು ವರ್ಷದಲ್ಲಿ ನೆರೆತದ್ದು, ನನಗೆ ತಿಳಿಸದೆ. ಫೋಟೋ ಕೊಟ್ಟೆ, ಮೊದಲನೆಯ ವರ್ಷದ್ದು. ಇದನ್ನ ತೋರ್ಸಾಕ ಬಳ್ಳಾರಿಯಿಂದ ಬಂದೇನಕ್ಕಾ, ಫೋನಿನಾಗ ಕಳಿಸಬಾರದಿತ್ತಾ? ಗ್ರೂಪ್ ಬಿಟ್ಟಾವ ನೀನಲ್ಲೋ. ನಗಲಿಲ್ಲ. ಎಣಿಸು ಅಂದೆ, ಇದರಾಗ ಯಾರು ಸತ್ತಾರ? ಯಾರೂ ಇಲ್ಲ. ಹಂಗಾರ ಅತ್ತಿಗೂ ಅವ್ವಗೂ ನಡುವ ಖಾಲಿ ಐತಲ್ಲ, ಅದು ಯಾರ್ದು? ಅವನು ಗ್ರೀಸಿನ ಬೆರಳು ತಾಗದಂತೆ ಅಂಚು ಹಿಡಿದು ನೋಡಿದ, ಬಹಳ ಹೊತ್ತು ನೋಡಿದ, ರೈತ ಎರಡು ಸಲ ಕೆಮ್ಮಿದ. ನಂದು ಅಂದೆ, ಬದುಕಿದ್ದ ನಂದು. ಅತ್ತಿ ಬದುಕಿದ್ದೋರಿಗೂ ಬಿಡ್ತಾಳ. ನಿನಗೂ ಹಂಗ ಬಿಟ್ಟಿದ್ದು. ಚನ್ನಬಸವನ ಕೈ ನೋಡು ಅಂತ ಇನ್ನೊಂದು ಫೋಟೋನೂ ಕೊಟ್ಟೆ, ಓಂ ಶಾಂತಿಯ ಫೋಟೋ, ದೊಡ್ಡದು ಮಾಡಿಸಿದ್ದೆ, ಫೋನಿನ ಬೊಗಸೆಯಷ್ಟು ಗಾಜಿನಲ್ಲಿ ಆ ಕೈ ಅವನಿಗೆ ಕಂಡಿರಲು ಸಾಧ್ಯವೇ ಇಲ್ಲ. ನೋಡಿದ. ಎರಡನ್ನೂ ಅಂಗಡಿಯ ಗೂಡಿನಲ್ಲಿಟ್ಟ. ಗಾಡಿ ಕಾಯಾಕತ್ತೈತಕ್ಕಾ, ಅಂದ. ಮತ್ತೆ ಪಾದ ಎರಡೇ ಹೊರಗೆ. ಬರುತ್ತಾನೆ, ಅಂದುಕೊಂಡೇ ಎಮ್ಮಿಗನೂರಿನ ಮೇಲೆ ಕಾರು ಹೊಡೆದುಕೊಂಡು ಬಂದೆ, ಬರುತ್ತಾನೆ, ಯಾಕೆಂದರೆ ಆ ಕೈಯನ್ನು ನೋಡುವಾಗ ಅವನು ತನ್ನ ಎಡಗಡೆಯ ಹೆಗಲನ್ನು ಒಂದು ಚೂರು ಅಲುಗಿಸಿದ. ಅದು ನನಗೆ ಕಂಡಿತು. ಕಾಣುವುದೇ ನನ್ನ ಕಸುಬು.

ಸಾಕು, ಅಂದಳು ಅತ್ತೆ. ನೆರಳು ಮೊದಲನೆಯ ಕಲ್ಲು ದಾಟಿ ಎರಡನೆಯದಕ್ಕೆ ಬಂದಿದೆ, ನಾನು ನೋಡದ ಹಾಗೆ ಇದ್ದೆ, ಅವಳೂ ಸ್ವಲ್ಪ ಹೊತ್ತು ನೋಡದ ಹಾಗೆ ಇದ್ದಳು. ಚನ್ನಬಸವಾ, ಸರಿಯಪ್ಪ ಆ ಕಡಿಗೆ. ಚನ್ನಬಸವ ನೆಲ ನೋಡುತ್ತಿದ್ದಾನೆ. ಸರಿ ಅಂದ್ನೆಲ್ಲ, ಮತ್ತೆ ಅತ್ತೆ. ಅತ್ತಿ, ಕಾಲು ಏಳವಲ್ವು, ಅಂದ. ಅವ್ವ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು, ನನ್ನ ಬೆರಳು ಗುಂಡಿಯ ಮೇಲೆ, ನಾನು ಒತ್ತುವುದಿಲ್ಲ, ಅತ್ತೆ ಏನಾದರೂ ಅನ್ನಲಿ, ಈ ಸಾಲು ಮುಚ್ಚುವ ಫೋಟೋವನ್ನು ನಾನು ತೆಗೆಯುವುದಿಲ್ಲ — ಚನ್ನಬಸವ ಒಂದು ಹೆಜ್ಜೆ ಸರಿದ, ಅರ್ಧ ಹೆಜ್ಜೆ, ಗುಡ್ಡದ ಚೂರು ಸಣ್ಣದಾಯಿತು, ಅವನ ಮಕ್ಕಳು ಕೂಗಿದವು. ಕಾಕಾ! ಬದುವಿನ ಮೇಲೆ ಬೈಕು, ಎಲ್ಲಿಂದ ಬಂತು, ನಾನು ರಸ್ತೆಯನ್ನೇ ಕಾಯುತ್ತಿದ್ದೆ, ಅವನು ಕಾಲುವೆಯ ದಾರಿ ಹಿಡಿದು ತನ್ನ ಪಾಲಿನ ಹೊಲದಿಂದ ಬಂದಿದ್ದಾನೆ. ಸ್ನಾನ ಮಾಡಿದ್ದಾನೆ, ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಗ್ರೀಸು. ಉಂಡೇನೋ, ಅಂದಳು ಅತ್ತೆ, ನಿನ್ನೆ ಸಂಜೆ ಹೊರಗೆ ಹೋದವನನ್ನು ಕೇಳುವ ಹಾಗೆ. ಆಮೇಲೆ ಉಣ್ತೀನತ್ತಿ. ಚನ್ನಬಸವ ಸರಿದಿದ್ದ ಅರ್ಧ ಹೆಜ್ಜೆಯನ್ನು ಹಿಂದಕ್ಕಿಟ್ಟ, ಜಾಗ ಮತ್ತೆ ತೆರೆಯಿತು, ಗುಡ್ಡದ ಚೂರು ಮತ್ತೆ ಪೂರ್ತಿ ಬಂತು, ಹೋಗಿ ನಿಲ್ಲು ಗವಿ, ಹೋಗು, ಬೆಳಕು ಚೆನ್ನಾಗಿದೆ. ಅವನು ಸಾಲಿನ ಕಡೆ ಹೋಗಲಿಲ್ಲ. ನನ್ನ ಕಡೆ ಬಂದ. ನನ್ನ ಬೆರಳನ್ನು ಗುಂಡಿಯಿಂದ ಮೆಲ್ಲಗೆ ಎತ್ತಿದ. ನೀ ಹೋಗಕ್ಕಾ, ಅಂದ, ಇಷ್ಟು ವರ್ಷ ಬಿಟ್ಟಾರ ನಿನಗ. ನಾ ಒತ್ತುತೀನಿ.

ಕ್ಯಾಮೆರಾ ನಾನು ಯಾರ ಕೈಗೂ ಕೊಡುವವಳಲ್ಲ, ಹೇಳಬೇಕು ಅಂದುಕೊಂಡೆ, ಬಾಯಿಗೆ ಬಂದದ್ದು, ಅರ್ಧ ಒತ್ತಿ ಹಿಡಿ, ಆಮೇಲೆ ಪೂರ್ತಿ ಒತ್ತು, ಒಂದೇ ಸಲ. ಗೊತ್ತೈತಿ, ವರ್ಷಕ್ಕೊಂದ, ಅಂದ. ನಡೆದೆ. ಈ ನೆಲದ ಮೇಲೆ ಎಷ್ಟೋ ಸಲ ನಡೆದಿದ್ದೇನೆ, ಅಪ್ಪನ ರುಮಾಲು ಸರಿ ಮಾಡಲು, ಗವಿಯ ಗದ್ದ ಎತ್ತಲು, ನಿಲ್ಲಲು ನಡೆದವಳಲ್ಲ, ಕಾಲು ಎಲ್ಲಿಡಬೇಕು, ಕೈ ಎಲ್ಲಿಡಬೇಕು, ಊರ ಮಂದಿಗೆಲ್ಲ ಹೇಳಿಕೊಟ್ಟವಳಿಗೆ ತನ್ನ ಕೈ ಎರಡೂ ಭಾರ. ಅತ್ತೆಯ ಹೆಗಲು ಈ ಕಡೆ, ಅವ್ವನ ಹೆಗಲು ಆ ಕಡೆ, ಸಂದಿ ನನಗೆ ಸರಿಯಾಗಿದೆ, ಒಂದು ಚೂರೂ ಹೆಚ್ಚು ಕಡಿಮೆ ಇಲ್ಲ. ಅವ್ವನ ಸೀರೆಯಿಂದ ಎಳ್ಳಿನ ವಾಸನೆ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು, ಓಡಿಹೋಗದ ಹಾಗೆ. ಎದುರಿಗೆ ಮೂರು ಕಾಲಿನ ಮೇಲೆ ನನ್ನ ಕ್ಯಾಮೆರಾ, ಅದರ ಹಿಂದೆ ಒಂದು ಕಣ್ಣು ಮುಚ್ಚಿದ ನನ್ನ ತಮ್ಮ, ನಾನು ಇಷ್ಟು ವರ್ಷ ಇವರಿಗೆ ಹೀಗೆ ಕಂಡೆನಾ, ಇಷ್ಟು ದೂರ, ಇಷ್ಟು ಒಂಟಿ? ಎಲ್ರೂ ಹತ್ರ ಬರ್ರಿ, ನನ್ನ ದನಿಯನ್ನೇ ಅಣಕಿಸಿದ, ದಗ್ಗರಕಿ ರಂಡಿ, ಮಕ್ಕಳು ನಕ್ಕವು, ಚನ್ನಬಸವನ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಈಚೆ ಸರಿಯಲು ನೋಡಿದಳು. ಅತ್ತಿಗೆ, ನೀವ್ ಬ್ಯಾಡ್ರಿ, ಅಲ್ಲೇ ಇರ್ರಿ, ಅದು ನನ್ನ ಜಾಗ, ಅಂದ ಗವಿ. ತಿರುಗಿ ನೋಡಿದೆ, ಸಾಲಿನಲ್ಲಿ ನಿಂತವರು ತಿರುಗಬಾರದು, ತಿರುಗಿದೆ — ಚನ್ನಬಸವನ ಬಲಗೈ ಎದ್ದಿದೆ, ಯಾರೂ ಇಲ್ಲದ ಹೆಗಲಿನ ಎತ್ತರಕ್ಕೆ, ತಾನು ಎತ್ತಿದ್ದೇನೆ ಅಂತ ಅವನಿಗೆ ಈಗ ಗೊತ್ತಾಗಿ ನಾಚಿಕೆಯಿಂದ ಇಳಿಸಲು ಹೊರಟಿದ್ದಾನೆ. ಲೇ ಚನ್ನಾ, ಇಳಿಸಬ್ಯಾಡಲೇ, ಕ್ಯಾಮೆರಾದ ಹಿಂದಿನಿಂದ ಗವಿಯ ದನಿ, ಹಂಗ ಇರ್ಲಿ. ಇಳಿಸಲಿಲ್ಲ. ಆ ಕೈ, ಬೆರಳು ಸ್ವಲ್ಪ ಬಾಗಿ, ಹೆಗಲಿನ ಎತ್ತರದಲ್ಲಿ, ಅದರ ಕೆಳಗೆ ಗುಡ್ಡದ ಚೂರು, ಆ ಕೈ, ಖಾಲಿ ಜಾಗದ ಮೇಲೆ, ಇಳಿಯದೆ, ಆ ಕೈ